ಡಬ್ಬಿಯೊಳಗಿನ ಮಿಸ್

ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದ ವಿದೇಶಿ ಹೆಂಗಸಿಗೆ ನಾನು ಎರಡು ವರ್ಷ ಕನ್ನಡ ಕಲಿಸಿದೆ. ಅವಳು ನನಗೆ ಮಾಡಿದ್ದನ್ನು ಬರೆಯೋಣವೆಂದು ಕೂತರೆ ಈಗಲೂ ಮೊದಲು ನೆನಪಾಗುವುದು ಅವಳು ಎಷ್ಟು ಒಳ್ಳೆಯ ವಿದ್ಯಾರ್ಥಿನಿಯಾಗಿದ್ದಳು ಎನ್ನುವುದೇ. ಜೀವನವೆಲ್ಲ ಪಾಠ ಹೇಳಿದವಳ ಹಣೆಬರಹ ಇದು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೂ ಅವರ ಹೋಂವರ್ಕ್ ಅಡ್ಡ ಬರುತ್ತದೆ.

ನಾನು ಹೇರೋಹಳ್ಳಿಯ ಕಡೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೇಡಂ ಆಗಿದ್ದು ನಿವೃತ್ತಳಾದವಳು. ಮಕ್ಕಳ ಬಾಯಲ್ಲಿ ಮಾತ್ರ ಮೇಡಂ ಅಲ್ಲ, ಮಿಸ್. ಊರು ಊರಾಗಿದ್ದಾಗ ಸೇರಿದೆ. ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳ ಮೇಲೆ ಮೂರು ಮೂರು ಮಹಡಿ ಎದ್ದು, ರಸ್ತೆ ಮಾತ್ರ ಹಾಗೇ ಉಳಿದಾಗ ಬಿಟ್ಟೆ. ಅಲ್ಲಿ ನನ್ನ ಕೈಯಲ್ಲಿ ಏಟು ತಿನ್ನದೆ ಇರುವ ಮನೆ ಕಡಿಮೆ. ಈಗಲೂ ಆ ಕಡೆ ಬಸ್ಸಿಳಿದರೆ ಮೀಸೆ ಬಂದ ಗಂಡಸರು ಸಿಗರೇಟು ಬಿಸಾಡಿ ನಮಸ್ಕಾರ ಮಾಡುತ್ತಾರೆ. ನನಗೆ ಅದರಿಂದ ಖುಷಿಯೇ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ನಮ್ಮ ಮನೆ ಇರುವುದು ಬಸವೇಶ್ವರನಗರದಲ್ಲಿ. ಕೆಳಗೆ ನಾವಿಬ್ಬರು, ಮೇಲೆ ಬಾಡಿಗೆಯವರು. ಬ್ರೋಕರ್ ಈ ಗಂಡಹೆಂಡತಿಯನ್ನು ಕರೆದುಕೊಂಡು ಬಂದಾಗ, ಮನೆ ಬಾಡಿಗೆಗೆ ಕೊಡುವವರು ಕೇಳುವ ಪ್ರಶ್ನೆಗಳನ್ನೆಲ್ಲ ಕೇಳಿದೆವು. ನಾನ್‌ವೆಜ್ ಮಾಡ್ತೀರಾ, ನೀರು ಎಷ್ಟು ಬಳಸ್ತೀರಾ, ಗಾಡಿ ಎಷ್ಟಿದೆ. ಗಂಡ ವಿಜಯನಗರದಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತಾನೆ, ಬಿಸಿನೆಸ್ ವೀಸಾ ಇದೆ ಎಂದರು. ವಿದೇಶಿಯರು ಮನೆಗೆ ಬಂದರೆ ಮನೆಯವರೇ ಆನ್‌ಲೈನಿನಲ್ಲಿ ಪೊಲೀಸರಿಗೆ ಒಂದು ಫಾರಂ ತುಂಬಬೇಕು. ಕೆಂಗೇರಿಯಲ್ಲಿರುವ ಮಗ ಬಂದು ಕಂಪ್ಯೂಟರಿನ ಮುಂದೆ ಕೂತ. ‘ಬಂದ ಉದ್ದೇಶ’ ಎನ್ನುವ ಜಾಗಕ್ಕೆ ಬಂದಾಗ ಏನು ಹಾಕಲಿ ಎಂದು ಕೇಳಿದ. ವ್ಯಾಪಾರ ಅಂತ ಹಾಕು ಎಂದವಳು ನಾನು.

ಒಂದು ವಾರಕ್ಕೇ ಅವಳು ಕೆಳಗಿಳಿದು ಬಂದು, ಆಂಟಿ, ನನಗೆ ಕನ್ನಡ ಕಲಿಸ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲೇ ಹುಟ್ಟಿದವರೇ ಕಲಿಯಲು ಮೂಗು ಮುರಿಯುವ ಕಾಲದಲ್ಲಿ ಇವಳು ನೋಟ್‌ಬುಕ್ ಹಿಡಿದು ನಿಂತಿದ್ದಾಳೆ! ನಾನು ಕರಗಿಹೋದೆ. ದಿನಾ ಹತ್ತು ಗಂಟೆಗೆ, ನನ್ನ ಅಡುಗೆ ಕೆಲಸ ಮುಗಿದ ಮೇಲೆ, ಊಟದ ಮೇಜಿನ ಮೇಲೆ ಎರಡು ಲೋಟ ಕಾಫಿ, ನಡುವೆ ಅವಳ ಫೋನು. ನನ್ನ ಮಾತು ರೆಕಾರ್ಡ್ ಮಾಡಿಕೊಂಡು ಸಂಜೆಯೆಲ್ಲ ಕೇಳಿ, ಮಾರನೆಯ ದಿನ ನನ್ನ ಹಾಗೆಯೇ ಎಳೆದೆಳೆದು ಒಪ್ಪಿಸುತ್ತಿದ್ದಳು. ಆರು ತಿಂಗಳಿಗೆ ತರಕಾರಿಯವನ ಹತ್ತಿರ ಚೌಕಾಸಿ ಮಾಡಿದಳು. ವರ್ಷಕ್ಕೆ ನನ್ನ ಗಂಡನನ್ನೇ ಛೇಡಿಸಿದಳು.

“ಆಂಟಿ, ಪುಸ್ತಕದ ಕನ್ನಡ ಬೇಡ. ಹೇರೋಹಳ್ಳಿಯಲ್ಲಿ ಮಾತಾಡ್ತಾರಲ್ಲ, ಆ ಕನ್ನಡ ಬೇಕು” ಎನ್ನುತ್ತಿದ್ದಳು. ಅವಳೇ ಚಿಕ್ಕ ಚಿಕ್ಕ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದು ತರುತ್ತಿದ್ದಳು; ನಾನು ಅದನ್ನು ಶಾಲೆಯ ಮಕ್ಕಳಿಗೆ ಹೇಳುವಂತೆ ಹೇಳಬೇಕು. ನೂರು ಕುರಿಯಲ್ಲಿ ಒಂದು ಕಳೆದುಹೋದ ಕಥೆ, ಆಸ್ತಿ ಕೇಳಿಕೊಂಡು ಮನೆ ಬಿಟ್ಟ ಮಗನ ಕಥೆ. ಇವು ಬೈಬಲ್ಲಿನ ಕಥೆಗಳು ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಯಾರೂ ನಂಬಬಾರದು. ಗೊತ್ತಿತ್ತು. ಅವಳು ಕ್ರಿಶ್ಚಿಯನ್, ಅವಳಿಗೆ ಗೊತ್ತಿರುವ ಕಥೆ ಅವಳು ತರುತ್ತಾಳೆ, ನನ್ನನ್ನು ಕೇಳಿದ್ದರೆ ನಾನು ಹರಿಶ್ಚಂದ್ರನ ಕಥೆ ತರುತ್ತಿದ್ದೆ. ಕಥೆಗೆ ಏನು ಜಾತಿ? ನಾನಂತೂ ಉತ್ಸಾಹದಿಂದ ಕುರಿಯವನಿಗೆ ಕಂಬಳಿ ಹೊದಿಸಿ, ಕೈಗೆ ಮುದ್ದೆ ಕೊಟ್ಟು, ಬ್ಯಾಡರಹಳ್ಳಿ ಕೆರೆ ಏರಿಯ ಮೇಲೆ ಓಡಾಡಿಸಿದೆ.

ಒಂದು ದಿನ ನಡೆದುಹೋದದ್ದನ್ನು ಹೇಳುವ ಪಾಠ. ನಿಮ್ಮ ಜೀವನದಲ್ಲಿ ಆದದ್ದು ಏನಾದರೂ ಹೇಳಿ ಆಂಟಿ ಎಂದಳು. ಕೆಲಸಕ್ಕೆ ಸೇರಿದ ಮೊದಲ ದಿನದ ವಿಷಯ ಹೇಳೋಣವೆಂದು ಬಾಯಿ ತೆರೆದೆ. ಬಂದದ್ದು ಬೇರೆ.

ನಮ್ಮ ಮೊದಲ ಮಗು ಹೆಣ್ಣು. ಹನ್ನೊಂದನೆಯ ದಿನ ನಾಮಕರಣ ಇಟ್ಟುಕೊಂಡಿದ್ದೆವು. ಪಕ್ಕದ ಮನೆಯವರ ತೊಟ್ಟಿಲು ಕೇಳಿ ತಂದು, ತೊಳೆದು, ಅರಿಶಿನ ಕುಂಕುಮ ಇಟ್ಟು, ನಮ್ಮತ್ತೆ ಹೂ ಸುತ್ತಿದ್ದರು. ಅವತ್ತು ಬೆಳಗ್ಗೆ ಮಗು ಹಾಲು ಕುಡಿಯಲಿಲ್ಲ. ಆಸ್ಪತ್ರೆಯ ದಾರಿಯಲ್ಲೇ ಹೋಯಿತು. ಹೆಸರಿಡುವ ಮುಂಚೆ ಹೋದ ಮಗುವಿಗೆ ನಮ್ಮಲ್ಲಿ ತಿಥಿಯಿಲ್ಲ, ಫೋಟೋ ಇಲ್ಲ, ಅದರ ಬಗ್ಗೆ ಮಾತೂ ಇಲ್ಲ. ಗಂಡಸರು ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದು ಸ್ನಾನ ಮಾಡಿದರು. ಹಿರಿಯರು, ಮತ್ತೆ ಆಗುತ್ತೆ ಬಿಡು ಎಂದರು. ಮಾರನೆಯ ದಿನ ತೊಟ್ಟಿಲನ್ನು ಹಿಂದಕ್ಕೆ ಕೊಡಬೇಕಿತ್ತು. ಯಾರೂ ಮುಟ್ಟಲಿಲ್ಲ. ಕೊನೆಗೆ ನಾನೇ ಎದ್ದು ಒಂದು ಕಡೆ ಹಿಡಿದೆ. ಖಾಲಿ ತೊಟ್ಟಿಲು ತೂಗಬಾರದಲ್ಲ, ಅದಕ್ಕೆ ಅಲ್ಲಾಡದ ಹಾಗೆ ಬಿಗಿಯಾಗಿ ಹಿಡಿದುಕೊಂಡು ಹೋಗಿ ಕೊಟ್ಟು ಬಂದೆ.

ಇಷ್ಟನ್ನೂ ಅವಳಿಗೆ ಹೇಳಿದೆ. ಕೊನೆಗೆ ಹೀಗೆ ಹೇಳಿದೆ: “ಅವತ್ತಿಂದ ನಾನು ಯಾವ ದೇವರ ಹತ್ರಾನೂ ಏನೂ ಕೇಳಿಲ್ಲ. ದೀಪ ಹಚ್ತೀನಿ, ಕೈ ಮುಗೀತೀನಿ, ಕೇಳಲ್ಲ. ಕೇಳೋದು ಬಿಟ್ಟಮೇಲೇನೇ ಸರಿಹೋಯ್ತು. ಈಗ ನನಗೆ ನೆಮ್ಮದಿ ಇದೆ.”

ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ನಿಜವಾಗಿಯೇ ಅತ್ತಳು, ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ನನ್ನ ಗಂಡನ ಮುಂದೆ ಕೂಡ ನಾನು ಈ ವಿಷಯವನ್ನು ಹೀಗೆ ಮೊದಲಿಂದ ಕೊನೆಯವರೆಗೆ ಹೇಳಿದವಳಲ್ಲ. ಯಾರೋ ಕೇಳಿದರಲ್ಲ ಎಂದು ಹಗುರವಾಯಿತು. ಫೋನು ಮೇಜಿನ ಮೇಲಿತ್ತು. ಅದು ಇದ್ದೇ ಇರುತ್ತಿತ್ತು.

ಮುಂದಿನ ಅವರೆಕಾಯಿ ಕಾಲದಲ್ಲಿ, ಮಾಗಡಿ ರೋಡಿನ ಬಸ್ ಸ್ಟಾಪಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಮೂರನೆಯ ಕ್ಲಾಸಿನಲ್ಲಿ ಮಗ್ಗಿ ಬಾರದೆ ಅಳುತ್ತಿದ್ದ ಹುಡುಗಿ, ಈಗ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಹೇರೋಹಳ್ಳಿಯಲ್ಲೇ ಕೊಟ್ಟಿದ್ದಾರೆ.

“ಮಿಸ್, ನಿಮ್ ವಾಯ್ಸು ದಿನಾ ನಮ್ಮನೇಲಿ ಕೇಳ್ತೀನಿ” ಎಂದಳು.

“ಏನೇ, ಕನಸಲ್ಲಿ ಬಂದು ಮಗ್ಗಿ ಹೇಳಿಸ್ತೀನಾ?”

“ಇಲ್ಲ ಮಿಸ್, ನಿಜವಾಗ್ಲೂ. ಬನ್ನಿ, ಇಲ್ಲೇ ಮನೆ.”

ಮನೆಯಲ್ಲಿ ಅವಳ ಅತ್ತೆ ನೆಲದ ಮೇಲೆ ಕೂತು ಅವರೆಕಾಳು ಹಿಸುಕುತ್ತಿದ್ದರು. ನನ್ನನ್ನು ನೋಡಿ ಎದ್ದರಾದರೂ ಮುಖ ಅರಳಲಿಲ್ಲ. ಹುಡುಗಿ ಟಿವಿಯ ಪಕ್ಕದಿಂದ ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ಗುಂಡಿ ಒತ್ತಿದಳು. ಒಂದು ಹಾಡು ಬಂತು. ಆಮೇಲೆ, ನಾನು. ಕಂಬಳಿ ಹೊದ್ದ ಕುರಿಯವನು ಕೆರೆ ಏರಿಯ ಮೇಲೆ ಹೊರಟ. ಮೊದಲು ನನಗೆ ನಗು ಬಂತು, ಸ್ವಲ್ಪ ಜಂಬವೂ ಬಂತು. ಎಷ್ಟು ಚೆನ್ನಾಗಿ ಹೇಳಿದ್ದೀನಿ ಎನ್ನಿಸಿತು. ಕಥೆ ಮುಗಿದ ಮೇಲೆ ಯಾರೋ ಗಂಡಸು ಅಚ್ಚ ಕನ್ನಡದಲ್ಲಿ ಆ ಕುರಿಯವನು ಯಾರು, ಕಳೆದುಹೋದ ಕುರಿ ಯಾರು ಎಂದು ವಿವರಿಸತೊಡಗಿದ. ಆಗ ನಗು ನಿಂತಿತು.

“ಇದಲ್ಲ ಮಿಸ್, ಮುಂದಿಂದು ಕೇಳಿ. ನನಗೆ ಅದೇ ಇಷ್ಟ” ಎಂದು ಹುಡುಗಿ ಮತ್ತೆ ಗುಂಡಿ ಒತ್ತಿದಳು. “ಹೋದ ವರ್ಷ ನಂಗೂ ಒಂದು ಮಗು ಹೋಯ್ತು ಮಿಸ್. ಏಳ್ ತಿಂಗಳಿಗೆ.”

ಡಬ್ಬಿಯಿಂದ ನನ್ನ ದನಿ ಬಂತು. ನಮ್ಮ ಮೊದಲ ಮಗು ಹೆಣ್ಣು. ಹನ್ನೊಂದನೆಯ ದಿನ ನಾಮಕರಣ ಇಟ್ಕೊಂಡಿದ್ವಿ. ನಾನು ಕುರ್ಚಿಯ ತುದಿಯಲ್ಲಿ ಕೂತು ನನ್ನ ಕಥೆಯನ್ನು ಬೇರೆಯವರ ಮನೆಯಲ್ಲಿ ಕೇಳಿಸಿಕೊಂಡೆ. ತೊಟ್ಟಿಲು ಕೊಟ್ಟು ಬಂದೆ ಎನ್ನುವವರೆಗೆ ಎಲ್ಲವೂ ಹಾಗೇ ಇತ್ತು. ಅಲ್ಲಿಗೆ ನನ್ನ ದನಿ ನಿಂತಿತು. ಒಬ್ಬ ಹೆಂಗಸು ಶುರುಮಾಡಿದಳು: ಈ ತಾಯಿ ಎಷ್ಟು ಅತ್ತಿರಬೇಕು, ಆ ಕಣ್ಣೀರನ್ನು ನೋಡಿದ ದೇವರು ಒಬ್ಬನೇ ಇದ್ದಾನೆ, ಆತನ ಹತ್ತಿರ ಕೇಳಿಕೊಂಡವರಿಗೆ ಆತ ಇಲ್ಲ ಎನ್ನುವುದಿಲ್ಲ. ಆಮೇಲೆ ಮತ್ತೆ ನಾನು ಬಂದೆ. ಒಂದೇ ಒಂದು ವಾಕ್ಯ: “ಈಗ ನನಗೆ ನೆಮ್ಮದಿ ಇದೆ.”

ಹುಡುಗಿ ಕಣ್ಣೊರೆಸಿಕೊಂಡಳು. “ಇದನ್ನ ಕೇಳಿದ್ಮೇಲೇನೇ ಮಿಸ್ ನಂಗೆ ಧೈರ್ಯ ಬಂದಿದ್ದು. ನೀವೇ ಕೇಳ್ಕೊಂಡಿದೀರಾ ಅಂದ್ಮೇಲೆ ಅಂತ, ನಾನೂ ದಿನಾ ಕೇಳ್ಕೋತೀನಿ.”

ಅತ್ತೆ ಕಾಳಿನ ಪಾತ್ರೆಯಿಂದ ತಲೆಯೆತ್ತದೆ ಹೇಳಿದರು: “ಮನೆ ದೇವ್ರಿಗೆ ಕೈ ಮುಗಿಯಲ್ಲ ಅಂತಾಳೆ ಕಣಮ್ಮ. ಕೇಳುದ್ರೆ, ನಮ್ ಮಿಸ್ಸೇ ಹೇಳವ್ರೆ ಅಂತಾಳೆ. ನೀವು ಓದ್ಕೊಂಡೋರು, ಹೇಳ್ಬೇಕಾದ್ರೆ ಒಂದ್ ಮಾತು ನಮ್ಮುನ್ನೂ ಕೇಳ್ಬೋದಿತ್ತು.”

ಅಲ್ಲಿಯೇ, ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹುಡುಗಿ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೊಟ್ಟ ಕಾಫಿ ಕುಡಿದು ಆಟೋ ಹಿಡಿದೆ.

ಮಹಡಿಯ ಬಾಗಿಲು ತೆರೆದವಳು ಅವಳೇ. “ಆಂಟಿ, ಬನ್ನಿ, ಕೂತ್ಕೊಳ್ಳಿ.”

“ಕೂರಕ್ಕೆ ಬಂದಿಲ್ಲ. ನನ್ನ ಮಗುವಿನ ಕಥೆ ಹೇರೋಹಳ್ಳಿಯಲ್ಲಿ ಡಬ್ಬಿಯೊಳಗೆ ಹಾಡ್ತಾ ಇದೆ. ಅದು ಅಲ್ಲಿಗೆ ಹೇಗೆ ಹೋಯ್ತು?”

ಅವಳು ಬಿಳಿಚಿಕೊಂಡಳು. ಸುಳ್ಳು ಹೇಳಲು ನೋಡಲಿಲ್ಲ, ಅಷ್ಟು ಮರ್ಯಾದೆ ಇತ್ತು. ತಮ್ಮನ್ನು ಕಳಿಸಿರುವುದು ತಮ್ಮ ಊರಿನ ಚರ್ಚು, ಧರ್ಮಪ್ರಚಾರಕ್ಕೆ ಎಂದು ಬರೆದರೆ ವೀಸಾ ಸಿಗುವುದು ಕಷ್ಟ, ಹಾಗಾಗಿ ಇಂಥ ದೇಶಗಳಿಗೆ ತಮ್ಮವರು ಒಂದು ಕೆಲಸ ಹಿಡಿದುಕೊಂಡು ಬರುವುದು ರೂಢಿ ಎಂದಳು. “ನಾವು ಸುಳ್ಳು ಹೇಳಿಲ್ಲ ಆಂಟಿ. ಇಂಗ್ಲಿಷ್ ಕ್ಲಾಸ್ ನಿಜವಾಗ್ಲೂ ನಡೀತಾ ಇದೆ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಿಮಗೆ ತೊಂದ್ರೆ ಆಗ್ತಿತ್ತು. ಪೊಲೀಸ್ ಬಂದು ಕೇಳಿದ್ರೆ, ಗೊತ್ತಿಲ್ಲ ಅಂತ ನೀವು ಧೈರ್ಯವಾಗಿ ಹೇಳಬಹುದು ಅಂತ.”

“ಸರ್ಕಾರಕ್ಕೆ ಹೇಳದೆ ಇರೋದು ನಿನಗೂ ಸರ್ಕಾರಕ್ಕೂ ಬಿಟ್ಟಿದ್ದು. ನಾನೇನು ಸರ್ಕಾರಾನಾ? ದಿನಾ ನನ್ನ ಮೇಜಿನ ಮೇಲೆ ಕಾಫಿ ಕುಡಿದವಳು ನೀನು!”

ಅವಳು ತಲೆ ತಗ್ಗಿಸಿದಳು. ಯಾವ ದೇವರನ್ನೂ ಕೇಳಿಲ್ಲ ಎಂಬ ನನ್ನ ಮಾತನ್ನು ಕತ್ತರಿಸಿದ್ದು ಯಾರು ಎಂದು ಕೇಳಿದೆ. ತಾನಲ್ಲ, ತಮ್ಮ ತಂಡದವರು ಎಂದಳು.

“ನೀನು ಕೇಳಿದ್ಯಾ ಅದನ್ನ?”

“ಕೇಳಿದೆ.”

“ನಾನು ಹಾಗೆ ಹೇಳಿಲ್ಲ ಅಂತ ಗೊತ್ತಿತ್ತು ತಾನೆ?”

“ಗೊತ್ತಿತ್ತು ಆಂಟಿ.” ಅವಳ ಕಣ್ಣಲ್ಲಿ ನೀರು ತುಂಬಿತ್ತು. “ನಾನು ದಿನಾ ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ. ಒಂದು ದಿನ ಅದು ನಿಜ ಆಗುತ್ತೆ ಅಂತ ಅಂದ್ಕೊಂಡೆ.”

ನನ್ನದೇ ಕನ್ನಡ ಅದು, ಒಂದು ತಪ್ಪಿಲ್ಲ. ನನಗೆ ಅವಳ ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು. ಮೆಟ್ಟಿಲಿಳಿದು ಬಂದುಬಿಟ್ಟೆ.

ತನ್ನ ನಂಬಿಕೆಯನ್ನು ಇನ್ನೊಬ್ಬರಿಗೆ ಹೇಳಲು ಒಬ್ಬ ಮನುಷ್ಯನಿಗೆ ಸರ್ಕಾರದ ಮುದ್ರೆ ಏಕೆ ಬೇಕು ಎಂದು ಆಮೇಲೆ ಎಷ್ಟೋ ದಿನ ಯೋಚಿಸಿದ್ದೇನೆ. ಬೇಡ ಎಂದೇ ನನಗೆ ಅನ್ನಿಸುತ್ತದೆ. ಅವಳು ಮೊದಲ ದಿನವೇ, ಆಂಟಿ, ನಾನು ಬಂದಿರುವುದು ಇದಕ್ಕೆ ಎಂದಿದ್ದರೆ ಜಗಳವಾಡುತ್ತಿದ್ದೆನೋ ಏನೋ, ಆದರೆ ಕೂರಿಸಿ ಕೇಳುತ್ತಿದ್ದೆ. ಕಾನೂನಿನ ಬಾಗಿಲು ಮುಚ್ಚಿದೆ ಎಂದು ಅವರು ಕಿಟಕಿಯಿಂದ ಬಂದರು. ಆದರೆ ಆ ಕಿಟಕಿ ನನ್ನ ಮನೆಯದು. ಕಾನೂನು ಕೆಟ್ಟದ್ದಾಗಿದ್ದರೂ ನನ್ನ ಮಗುವನ್ನು ಕತ್ತರಿಸಿ ಅಂಟಿಸಲು ಅದು ಅವರಿಗೆ ಅಪ್ಪಣೆ ಕೊಟ್ಟಂತೆ ಆಗುವುದಿಲ್ಲ.

ಪೊಲೀಸರಿಗೆ ಹೇಳಿಬಿಡುತ್ತೇನೆ ಎಂದು ಹೊರಟೆ. ಅದಕ್ಕೆ ಮುಂಚೆ ವಿಜಯನಗರದಲ್ಲಿರುವ ನನ್ನ ಗೆಳತಿಯ ಮನೆಗೆ ಹೋದೆ. ನನ್ನ ಶಾಲೆಯಲ್ಲೇ ಇದ್ದವರು, ನನಗಿಂತ ಒಂದು ವರ್ಷ ಮುಂಚೆ ನಿವೃತ್ತರಾದವರು. ತಾತನ ಕಾಲದಿಂದ ಕ್ರಿಶ್ಚಿಯನ್ನರು. ನನಗಿಂತ ಅವರಿಗೇ ಹೆಚ್ಚು ಸಿಟ್ಟು ಬಂತು.

“ನಾನು ಹುಟ್ಟಿದಾಗಿಂದ ಇದೇ ಊರಲ್ಲಿ ಕ್ರಿಶ್ಚಿಯನ್ ಅಂತ ಹೇಳ್ಕೊಂಡೇ ಬದುಕಿದೀನಿ. ಯಾರಿಗೂ ಏನೂ ಮುಚ್ಚಿಟ್ಟಿಲ್ಲ. ಇವರು ಬಂದು ನಮ್ಮನ್ನೆಲ್ಲ ಕಳ್ಳರ ಥರ ಕಾಣೋ ಹಂಗೆ ಮಾಡ್ತಾರೆ” ಎಂದರು. ಆಮೇಲೆ ಹೇಳಿದರು: “ಕಂಪ್ಲೇಂಟ್ ಕೊಡೋದು ನಿಮ್ಮ ಹಕ್ಕು. ಬೇಡ ಅನ್ನಲ್ಲ. ಆದ್ರೆ ಅವರಿಗೆ ಆಗೋದು ಒಂದು ವಿಮಾನದ ಟಿಕೆಟ್ಟು, ಅಷ್ಟೇ. ಮಾರನೇ ದಿನ ಜನ ಗಲಾಟೆಗೆ ಸೇರೋದು ನಮ್ಮ ಪ್ರಾರ್ಥನಾ ಮಂದಿರದ ಮುಂದೆ. ನಾನು ಭಾನುವಾರ ಹೋಗೋದು ಅಲ್ಲಿಗೇ.”

ಅವರು ಅದನ್ನು ಬೇಡಿಕೊಳ್ಳುವ ಹಾಗೆ ಹೇಳಲಿಲ್ಲ. ಇರುವ ವಿಷಯ ಹೇಳಿದರು, ಅಷ್ಟೇ. ನಾನು ಠಾಣೆಗೆ ಹೋಗಲಿಲ್ಲ.

ಹದಿನೈದು ದಿನಕ್ಕೆ ಠಾಣೆಯೇ ಮನೆಗೆ ಬಂತು. ಮೇಲಿನವರ ವೀಸಾ ಮುಂದುವರಿಸಲು ವಿಚಾರಣೆ. ಬಂದವರು ವಯಸ್ಸಾದ ಪೇದೆ, ಸಭ್ಯಸ್ಥರು. ನನ್ನ ಗಂಡನ ಜೊತೆ ಮೊಣಕಾಲು ನೋವಿನ ವಿಷಯ ಮಾತಾಡುತ್ತಲೇ ಕಾಗದ ತುಂಬಿದರು.

“ಇವ್ರೇನ್ ಮಾಡ್ತಾರೆ ಮೇಡಂ? ಧರ್ಮಪ್ರಚಾರ ಅದೂ ಇದೂ ಏನೂ ಇಲ್ವಲ್ಲ?”

ನನ್ನ ಗಂಡ ನನ್ನನ್ನು ನೋಡಿದರು. ಅವರಿಗೆ ಎಲ್ಲವನ್ನೂ ಹೇಳಿದ್ದೆ. ಹೊರಗೆ ಮೆಟ್ಟಿಲ ಮೇಲೆ ಅವಳು ನಿಂತಿದ್ದಾಳೆ ಎಂದು ಕಿಟಕಿಯ ನೆರಳಿನಿಂದ ಗೊತ್ತಾಗುತ್ತಿತ್ತು. ನನಗೆ ಮಾತ್ರ ಗೆಳತಿಯ ಭಾನುವಾರ ಕಣ್ಣ ಮುಂದೆ ಬಂತು.

“ಇಲ್ಲ ಸಾರ್. ಸ್ಪೋಕನ್ ಇಂಗ್ಲಿಷ್ ಕ್ಲಾಸು” ಎಂದೆ. ಅವರು ತೋರಿಸಿದ ಕಡೆ ಸಹಿ ಹಾಕಿದೆ. ಮೊದಲ ಫಾರಂನಲ್ಲಿ ಬರೆಸಿದ್ದು ಸುಳ್ಳು ಎಂದು ನನಗೆ ಗೊತ್ತಿರಲಿಲ್ಲ. ಇದು ಗೊತ್ತಿದ್ದೂ ಹೇಳಿದ್ದು.

ಪೇದೆಯ ಬೈಕು ಹೋಗುತ್ತಲೇ ಅವಳು ಒಳಗೆ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. ಮುಖ ಬೆಳಗುತ್ತಿತ್ತು. “ಥ್ಯಾಂಕ್ಸ್ ಆಂಟಿ. ಇದು ನೀವು ಮಾಡಿದ್ದಲ್ಲ. ದೇವರು ನಿಮ್ಮನ್ನ ಉಪಯೋಗಿಸಿದ.”

ಎಲ್ಲಕ್ಕಿಂತ ನನಗೆ ಉರಿದದ್ದು ಇದು. ಸುಳ್ಳು ಹೇಳಿ ನನ್ನ ಕಣ್ಣಲ್ಲೇ ನಾನು ಕೆಳಗಿಳಿದಿದ್ದೆ. ಆ ಇಳಿದದ್ದೂ ನನ್ನದಲ್ಲವಂತೆ.

“ಉಪಯೋಗಿಸಿದ್ದು ದೇವರಲ್ಲ ಕಣಮ್ಮ, ನೀವು” ಎಂದು ಕೈ ಬಿಡಿಸಿಕೊಂಡೆ. “ತಿಂಗಳೊಳಗೆ ಮನೆ ಖಾಲಿ ಮಾಡಿ.”

ಖಾಲಿ ಮಾಡಿದರು. ಹೋಗುವ ಮುಂಚೆ ಅವಳು ಬಾಗಿಲಲ್ಲಿ ನಿಂತು, ಇನ್ನು ಮುಂದೆ ಕೊಡುವ ಡಬ್ಬಿಗಳಲ್ಲಿ ನನ್ನ ದನಿ ಇರುವುದಿಲ್ಲ, ಈಗಾಗಲೇ ಕೊಟ್ಟವನ್ನು ಏನೂ ಮಾಡಲಾಗುವುದಿಲ್ಲ ಎಂದಳು. ಎಷ್ಟು ಮನೆ ಎಂದು ಕೇಳಿದೆ. ಲೆಕ್ಕ ಇಟ್ಟಿಲ್ಲ ಎಂದಳು. ನನ್ನ ಗಂಡ ಅವತ್ತು ಸಂಜೆ, ಯಾವತ್ತೂ ಇಲ್ಲದವರು, ಮಗು ನಿನ್ನ ಹಾಗೆ ಇತ್ತು ಎಂದು ಒಂದು ಮಾತಾಡಿದರು. ಅವರಿಗೂ ಅದರ ಮುಖ ನೆನಪಿತ್ತು ಎಂದು ನನಗೆ ಗೊತ್ತಾದದ್ದು ಆಗಲೇ.

ಆಮೇಲೆ ಉಳಿದದ್ದು ಹೇರೋಹಳ್ಳಿಯ ಆ ಒಂದು ಮನೆ. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದು ಎರಡು ತಿಂಗಳು ತಳ್ಳಿದ್ದೆ. ಸತ್ಯ ಹೇಳಿದರೆ ಆ ಹುಡುಗಿ ಹಿಡಿದುಕೊಂಡಿದ್ದ ಧೈರ್ಯವನ್ನು ನಾನೇ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಡಬ್ಬಿಯಲ್ಲಿರುವ ಮಿಸ್ಸೇ ನಿಜವಾದ ಮಿಸ್ ಆಗಿಬಿಡುತ್ತಾಳೆ. ಒಂದು ಭಾನುವಾರ ಹೋದೆ.

ಅವಳ ಅತ್ತೆ ಮನೆಯಲ್ಲಿರಲಿಲ್ಲ. ಹುಡುಗಿ ಬಟ್ಟೆ ಮಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಒಂದು ಸೀರೆಯ ಆ ತುದಿ ಹಿಡಿದುಕೊಂಡು, ಕತ್ತರಿಸಿ ತೆಗೆದ ಮಾತುಗಳನ್ನು ಹೇಳಿದೆ. ಯಾವ ದೇವರನ್ನೂ ಕೇಳಲಿಲ್ಲ ಎನ್ನುವುದನ್ನು ಹೇಳಿದೆ. ಆ ಹೆಂಗಸು ಮಧ್ಯೆ ಹೇಳಿದ್ದು ನನ್ನ ವಿಷಯವಲ್ಲ ಎಂದೆ.

“ಅಂದ್ರೆ ನಿಮ್ಗೆ ನೆಮ್ಮದಿ ಸಿಕ್ಲೇ ಇಲ್ವಾ ಮಿಸ್?”

“ಸಿಕ್ತು. ಅವರು ಹೇಳೋ ಥರ ಅಲ್ಲ. ನೋಡು, ನೀನು ಆ ದೇವರನ್ನ ಕೇಳ್ಕೊ, ಮನೆ ದೇವರನ್ನ ಕೇಳ್ಕೊ, ಯಾರನ್ನೂ ಕೇಳಬೇಡ, ಅದು ನಿನ್ನಿಷ್ಟ. ಮಿಸ್ ಹೇಳಿದ್ರು ಅಂತ ಮಾತ್ರ ಮಾಡಬೇಡ.”

ಅವಳು ಸೀರೆಯನ್ನು ನನ್ನ ಕೈಯಿಂದ ಮೆಲ್ಲಗೆ ಎಳೆದುಕೊಂಡು ತಾನೇ ಮಡಿಸಿದಳು.

“ಆ ಫಾರಿನ್ ಅಕ್ಕ ಬಂದು ಡಬ್ಬಿ ಕೊಟ್ಟಾಗ ಬೇಡ ಅಂದಿದ್ದೆ ಮಿಸ್ ನಾನು. ಯಾರೋ ಏನೋ ಅಂತ. ಆನ್ ಮಾಡಿದ್ರು, ನಿಮ್ ವಾಯ್ಸ್ ಬಂತು. ಅದಕ್ಕೇ ಇಸ್ಕೊಂಡೆ. ನಾನು ನಂಬಿದ್ದು ಅವರನ್ನಲ್ಲ.”

ಅವಳು ಇನ್ನೊಂದು ಬಟ್ಟೆ ಎತ್ತಿಕೊಂಡಳು.

“ಅವತ್ತು ಇಲ್ಲೇ ಕೂತು ಕೇಳಿದ್ರಲ್ಲ ನೀವು. ಅವತ್ತೇ ಗೊತ್ತಾಗಿತ್ತಾ ಇದು ಸುಳ್ಳು ಅಂತ?”

“ಗೊತ್ತಾಗಿತ್ತು” ಎಂದೆ.

“ಅದಾದ್ಮೇಲೂ ನಾನು ಎರಡು ತಿಂಗಳು ದಿನಾ ಅದನ್ನ ಕೇಳ್ಕೊಂಡು ಮಲಗಿದೀನಿ ಮಿಸ್” ಎಂದಳು. ಆಮೇಲೆ ಮಡಿಸಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗಿನ ಕೋಣೆಗೆ ಹೋದಳು. ನಾನು ಬಹಳ ಹೊತ್ತು ಕಾದೆ, ಅವಳು ಹೊರಗೆ ಬರಲಿಲ್ಲ.